ಗರ್ಭಕೋಶದೊಳಗಿನ ಗೋಡೆ: ಶಸ್ತ್ರಚಿಕಿತ್ಸೆ ಯಾರಿಗೆ ಬೇಕು?

ಸ್ಕ್ಯಾನಿಂಗ್ ವರದಿಯಲ್ಲಿ ‘ಗರ್ಭಕೋಶದ ನಡುವೆ ಗೋಡೆಯಿದೆ’ ಎಂದು ಬಂದರೆ ಮನೆಮಂದಿಯೆಲ್ಲ ಗಾಬರಿಯಾಗುತ್ತಾರೆ. ಮಕ್ಕಳಾಗದಿರಲು ಸೊಸೆಯೇ ಕಾರಣ ಎಂದು ಕೆಲವರು ತೀರ್ಮಾನಿಸಿಯೂ ಬಿಡುತ್ತಾರೆ. ಆದರೆ ಇಂತಹ ಗರ್ಭಕೋಶವಿರುವ ಅನೇಕ ಮಹಿಳೆಯರು ಯಾವ ಚಿಕಿತ್ಸೆಯೂ ಇಲ್ಲದೆ ತಾಯಂದಿರಾಗಿದ್ದಾರೆ.

ಹೆಣ್ಣು ಶಿಶು ತಾಯಿಯ ಹೊಟ್ಟೆಯಲ್ಲಿರುವಾಗಲೇ ಎರಡು ನಾಳಗಳು ಕೂಡಿಕೊಂಡು ಗರ್ಭಕೋಶ ರೂಪುಗೊಳ್ಳುತ್ತದೆ. ನಡುವಿನ ಗೋಡೆ ನಂತರ ಕರಗಬೇಕು. ಕರಗದೆ ಉಳಿದರೆ ಅದನ್ನು ಸೆಪ್ಟಮ್ ಎನ್ನುತ್ತಾರೆ. ನಾಳಗಳು ಮೇಲ್ಭಾಗದಲ್ಲಿ ಪೂರ್ತಿ ಕೂಡದಿದ್ದರೆ ಅದು ಎರಡು ಕೊಂಬಿನ ಗರ್ಭಕೋಶ. ಇವು ಹುಟ್ಟಿನಿಂದಲೇ ಬರುವಂಥವು. ಆಕೆಯ ಆಹಾರವಾಗಲಿ, ದುಡಿಮೆಯಾಗಲಿ ಇದಕ್ಕೆ ಕಾರಣವಲ್ಲ.

ಬಣ್ಣದ ದ್ರವ ಹಾಕಿ ತೆಗೆಯುವ ಎಕ್ಸ್‌ರೇಯಲ್ಲಿ ಇವೆರಡೂ ಒಂದೇ ರೀತಿ ಕಾಣಬಹುದು. ಗರ್ಭಕೋಶದ ಹೊರ ಆಕಾರ ತಿಳಿಯಲು ತ್ರೀಡಿ ಸ್ಕ್ಯಾನ್ ಅಥವಾ ಎಂಆರ್‌ಐ ಬೇಕು. ಈ ವ್ಯತ್ಯಾಸ ಮುಖ್ಯ. ಏಕೆಂದರೆ ಎರಡು ಕೊಂಬಿನ ಗರ್ಭಕೋಶಕ್ಕೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಬೇಕಿಲ್ಲ.

ಸೆಪ್ಟಮ್ ಅನ್ನು ಹಿಸ್ಟರೋಸ್ಕೋಪ್ ಎಂಬ ಸಣ್ಣ ದುರ್ಬೀನಿನ ನೆರವಿನಿಂದ, ಹೊಟ್ಟೆ ಕೊಯ್ಯದೆ, ಯೋನಿಮಾರ್ಗದಿಂದಲೇ ಕತ್ತರಿಸಬಹುದು. ಹೆಚ್ಚಿನವರು ಅದೇ ದಿನ ಮನೆಗೆ ಮರಳುತ್ತಾರೆ. ಆದರೂ ಗರ್ಭಕೋಶಕ್ಕೆ ತೂತಾಗುವ, ಒಳಗೆ ಅಂಟುಗಳು ಬೆಳೆಯುವ ಅಪಾಯ ಸ್ವಲ್ಪ ಮಟ್ಟಿಗೆ ಇದ್ದೇ ಇದೆ.

ಇದರಿಂದ ಲಾಭವೆಷ್ಟು? ನೆದರ್ಲೆಂಡ್ಸ್ ವೈದ್ಯರ ನೇತೃತ್ವದಲ್ಲಿ ಹಲವು ದೇಶಗಳಲ್ಲಿ ನಡೆದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಅದರಲ್ಲಿ ಶಸ್ತ್ರಚಿಕಿತ್ಸೆ ಪಡೆಯುವ ಗುಂಪಿನ 39 ಮಹಿಳೆಯರಲ್ಲಿ 12 ಮಂದಿಗೆ ಜೀವಂತ ಮಗು ಹುಟ್ಟಿತು. ಕಾದು ನೋಡುವ ಗುಂಪಿನ 40 ಮಂದಿಯಲ್ಲಿ 14 ಮಂದಿಗೆ ಹುಟ್ಟಿತು. ಸಣ್ಣ ಅಧ್ಯಯನವಾದ್ದರಿಂದ ಇದೇ ಕೊನೆಯ ಮಾತಲ್ಲ. ಆದರೆ ಸೆಪ್ಟಮ್ ಕಂಡ ಕೂಡಲೇ ಕತ್ತರಿಸಬೇಕೆಂಬ ಅವಸರ ಬೇಡ ಎಂಬುದನ್ನು ಇದು ಹೇಳುತ್ತದೆ. ಪದೇ ಪದೇ ಗರ್ಭಪಾತವಾಗಿ, ಬೇರೆ ಕಾರಣ ಸಿಗದಿದ್ದಾಗ ವೈದ್ಯರೊಡನೆ ಚರ್ಚಿಸಿ ನಿರ್ಧರಿಸಬೇಕು.

ಗರ್ಭಕೋಶದ ಒಳಪದರಕ್ಕೆ ಚಾಚಿದ ಗಡ್ಡೆ ಮತ್ತು ಅಂಟುಗಳ ವಿಷಯ ಬೇರೆ. ಇವುಗಳನ್ನು ತೆಗೆದರೆ ಹಲವರಿಗೆ ಪ್ರಯೋಜನವಾಗುತ್ತದೆ. ನಮ್ಮಲ್ಲಿ ಅಂಟುಗಳಿಗೆ ಕ್ಷಯರೋಗವೂ ಒಂದು ಕಾರಣ. ಹಾಗಿದ್ದರೆ ಮೊದಲು ಕ್ಷಯಕ್ಕೆ ಔಷಧಿ ಆಗಬೇಕು.

ಒಂದು ವರ್ಷ ಪ್ರಯತ್ನಿಸಿದರೂ, ಪತ್ನಿಗೆ 35 ದಾಟಿದ್ದರೆ ಆರು ತಿಂಗಳು ಪ್ರಯತ್ನಿಸಿದರೂ ಗರ್ಭ ನಿಲ್ಲದಿದ್ದರೆ ದಂಪತಿ ಒಟ್ಟಿಗೆ ವೈದ್ಯರನ್ನು ಕಾಣಲಿ. ಪತಿಯ ವೀರ್ಯ ಪರೀಕ್ಷೆ ಸುಲಭ, ನೋವಿಲ್ಲದ್ದು, ಖರ್ಚೂ ಕಡಿಮೆ. ಪತ್ನಿಯನ್ನು ಆಪರೇಷನ್ ಥಿಯೇಟರಿಗೆ ಕಳುಹಿಸುವ ಮೊದಲು ಅದು ಆಗಿರಲಿ.