ಬದಲಾಗುವುದು ಚಿಪ್ಪಲ್ಲ

ನವುಲೆಯ ಕ್ರಿಕೆಟ್ ಸ್ಟೇಡಿಯಂ ಕಡೆ ಬೆಳಗ್ಗೆ ವಾಕಿಂಗ್ ಹೋಗುವ ಹಿರಿಯರ ಮಾತು ಅಡಿಕೆ ದರ ಮುಗಿಸಿ ಮಂಡಿನೋವಿಗೆ ಬಂದೇ ಬರುತ್ತದೆ. ‘ಚಿಪ್ಪು ಬದಲಾಯಿಸಬೇಕಂತೆ’ ಎಂದು ಒಬ್ಬರು. ‘ಎಪ್ಪತ್ತಾದ ಮೇಲೆ ಯಾಕೆ ಮಾರಾಯ್ರೆ, ಮಲಗಿದವರು ಏಳಲ್ಲ’ ಎಂದು ಇನ್ನೊಬ್ಬರು.

ತಪ್ಪು ಆ ಹೆಸರಿನಿಂದಲೇ ಶುರು. ಚಿಪ್ಪನ್ನು ಯಾರೂ ಕಿತ್ತುಹಾಕುವುದಿಲ್ಲ. ಸವೆದಿರುವುದು ತೊಡೆಮೂಳೆಯ ತುದಿ, ಕೆಳಗಾಲಿನ ಮೂಳೆಯ ನೆತ್ತಿ. ಅಲ್ಲಿ ಸುಮಾರು ಒಂದು ಸೆಂಟಿಮೀಟರ್ ಕತ್ತರಿಸಿ, ಹಲ್ಲಿಗೆ ಕ್ಯಾಪ್ ಹಾಕಿದ ಹಾಗೆ ಲೋಹದ ಹೊದಿಕೆ ಕೂರಿಸಿ, ನಡುವೆ ಗಟ್ಟಿ ಪ್ಲಾಸ್ಟಿಕ್ ಇಡುತ್ತಾರೆ. ಚಿಪ್ಪು ಅಲ್ಲೇ ಇರುತ್ತದೆ. ಕೆಲವರಿಗೆ ಅದರ ಒಳಮೈಗೂ ಪ್ಲಾಸ್ಟಿಕ್ ಅಂಟಿಸುವುದುಂಟು.

ಇನ್ನು ವಯಸ್ಸು. ಪ್ರಧಾನಿ ವಾಜಪೇಯಿ ಅವರಿಗೆ 2000ದ ಅಕ್ಟೋಬರ್‌ನಲ್ಲಿ ಎಡ ಮಂಡಿಗೆ, 2001ರ ಜೂನ್‌ನಲ್ಲಿ ಬಲ ಮಂಡಿಗೆ ಮುಂಬೈಯಲ್ಲಿ ಈ ಶಸ್ತ್ರಚಿಕಿತ್ಸೆಯಾದಾಗ ಎಪ್ಪತ್ತೈದು ದಾಟಿತ್ತು. ವೈದ್ಯರು ನೋಡುವುದು ಹೃದಯ, ಮೂತ್ರಪಿಂಡ, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆಯನ್ನು. ಸೋಂಕು, ರಕ್ತ ಹೆಪ್ಪುಗಟ್ಟುವ ಅಪಾಯ ಇದೆ, ಅದನ್ನು ಮುಚ್ಚಿಡಬಾರದು. ಆದರೆ ‘ಹತ್ತು ವರ್ಷಕ್ಕೆ ಮತ್ತೆ ಆಪರೇಷನ್’ ಎಂಬುದು ಹಳೆಯ ಹೆದರಿಕೆ. 2019ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆಯಂತೆ ನೂರರಲ್ಲಿ 82 ಕೃತಕ ಮಂಡಿಗಳು 25 ವರ್ಷ ಬಾಳುತ್ತವೆ. ಎಪ್ಪತ್ತರ ನಂತರ ಮಾಡಿಸಿಕೊಂಡವರಲ್ಲಿ ಮರುಶಸ್ತ್ರಚಿಕಿತ್ಸೆ ಬೇಕಾಗುವುದು ಇಪ್ಪತ್ತರಲ್ಲಿ ಒಬ್ಬರಿಗಷ್ಟೇ; ಐವತ್ತರ ಆರಂಭದಲ್ಲೇ ಮಾಡಿಸಿಕೊಂಡ ಗಂಡಸರಲ್ಲಿ ಮೂವರಲ್ಲಿ ಒಬ್ಬರಿಗೆ. ಈ ಒಂದು ಲೆಕ್ಕದಲ್ಲಿ ವಯಸ್ಸು ಹಿರಿಯರ ಪರವಾಗಿಯೇ ನಿಂತಿದೆ.

ಹಾಗೆಂದು ಹರೆಯದ ಕಾಲು ಮರಳಿ ಬರುತ್ತದೆಂದು ನಂಬಿಸುವುದೂ ಅನ್ಯಾಯ. ಐವರಲ್ಲಿ ಒಬ್ಬರಿಗೆ ಪೂರ್ತಿ ಸಮಾಧಾನ ಸಿಗುವುದಿಲ್ಲ. ನಮ್ಮ ಕಡೆಯವರಿಗೆ ಇನ್ನೊಂದು ಪೇಚಿದೆ: ಹೊಸ ಮಂಡಿ ನಡೆಯಲು, ಮೆಟ್ಟಿಲು ಹತ್ತಲು ಸಾಕಾಗುವಷ್ಟು ಬಾಗುತ್ತದೆ, ಆದರೆ ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂರಲು, ಕುಕ್ಕರುಗಾಲಲ್ಲಿ ಕಳೆ ಕೀಳಲು ಹೆಚ್ಚಿನವರಿಗೆ ಸಾಲದು. ಆಪರೇಷನ್ನಿಗೆ ಮೊದಲೇ ಮನೆಯಲ್ಲಿ ಕಮೋಡ್ ಹಾಕಿಸಿ, ಊಟಕ್ಕೆ ಟೇಬಲ್ ತರಿಸಿ.

ಕೊನೆಯ ತಪ್ಪು ಪ್ರೀತಿಯಿಂದಲೇ ಆಗುವಂಥದ್ದು. ‘ಅಮ್ಮ, ನೀನು ಏಳಬೇಡ’ ಎಂದು ಮಕ್ಕಳು ಮಂಚಕ್ಕೇ ತಟ್ಟೆ ತರುತ್ತಾರೆ. ವೈದ್ಯರು ಆಪರೇಷನ್ ಆದ ದಿನ ಅಥವಾ ಮಾರನೆಯ ದಿನವೇ ವಾಕರ್ ಕೊಟ್ಟು ನಡೆಸುವುದು ರಕ್ತ ಹೆಪ್ಪುಗಟ್ಟದಿರಲಿ, ತೊಡೆಯ ಸ್ನಾಯು ಸೊರಗದಿರಲಿ ಎಂದು. ಹಿತವಾಗಲೆಂದು ಮಂಡಿಯ ಕೆಳಗೆ ದಿಂಬು ಇಡುತ್ತಾರಲ್ಲ, ಹಾಗೇ ಬಿಟ್ಟರೆ ಕಾಲು ಬಾಗಿದ್ದಲ್ಲೇ ಬಿಗಿದುಕೊಳ್ಳುತ್ತದೆ. ಆ ದಿಂಬನ್ನು ತೆಗೆದು, ಟವೆಲ್ ಸುತ್ತಿ ಹಿಮ್ಮಡಿಯ ಕೆಳಗಿಡಿ.