ತೂಕ ಸರಿ, ಹೊಟ್ಟೆಯ ಅಳತೆ?
ರೋಗಿಗಳಿಗೆ ಪಥ್ಯ ಹೇಳುತ್ತಿದ್ದ ನನಗೇ, ನಿವೃತ್ತನಾದ ವರ್ಷ, ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 6.1 ಬಂತು. 5.7ರಿಂದ 6.4ರವರೆಗಿನದು ಮಧುಮೇಹದ ಹೊಸ್ತಿಲು. ತೂಕ ಸರಿಯಿತ್ತು; ಹೊಟ್ಟೆಯ ಸುತ್ತಳತೆ ಮಾತ್ರ 94 ಸೆಂ.ಮೀ. ನಮ್ಮವರಲ್ಲಿ ಗಂಡಸರಿಗೆ 90, ಹೆಂಗಸರಿಗೆ 80 ಮಿತಿ. ಹೊಟ್ಟೆಯೊಳಗಿನ ಕೊಬ್ಬು ಇನ್ಸುಲಿನ್‌ನ ಕೆಲಸಕ್ಕೆ ಅಡ್ಡಿ. ಅದಕ್ಕೇ ಅಮೆರಿಕದ ಮಧುಮೇಹ ಸಂಘ 2015ರಿಂದ ಏಷ್ಯಾ ಮೂಲದವರಿಗೆ ಬಿಎಂಐ 25ರ ಬದಲು 23ಕ್ಕೇ ಪರೀಕ್ಷೆ ಸೂಚಿಸಿದೆ.

ನಾನು ಅನ್ನ ಬಿಡಲಿಲ್ಲ. ಬಾಳೆಎಲೆಯಲ್ಲಿ ಬಡಿಸುವ ಕ್ರಮದಲ್ಲೇ ಉಂಡೆ: ಮೊದಲು ಕೋಸಂಬರಿ, ಪಲ್ಯ, ಆಮೇಲೆ ಅರ್ಧದಷ್ಟು ಅನ್ನ, ಹುಳಿ. ನಾರು, ಪ್ರೋಟೀನ್ ಮೊದಲು ಹೋದರೆ ಸಕ್ಕರೆ ನಿಧಾನವಾಗಿ ರಕ್ತ ಸೇರುತ್ತದೆ. ರಾಗಿಯೂ ಪಿಷ್ಟವೇ, ಮುದ್ದೆಗೂ ಮಿತಿಯಿರಲಿ. ಊಟದ ನಂತರ 15 ನಿಮಿಷ ನಡೆದರೆ ಸ್ನಾಯುಗಳು ಸಕ್ಕರೆ ಬಳಸಿಕೊಳ್ಳುತ್ತವೆ. ವರ್ಷದಲ್ಲಿ 5.6ಕ್ಕೆ ಇಳಿಯಿತು. ಇಂದೇ ಮನೆಯ ಹಿರಿಯರೆಲ್ಲ ಟೇಪು ಹಿಡಿದು ಅಳೆದುಕೊಳ್ಳಿ.