ಸೋಲಿನ ಕಾಲಮ್: ಐವಿ ಲೀಗ್ ಬಾಸ್ಕೆಟ್‌ಬಾಲ್ ಟೇಬಲ್ ಓದೋದು ಹೇಗೆ

2024ರ ಮೇ 18ನ್ನ ನಮ್ಮಲ್ಲಿ ಯಾರೂ ಮರೆತಿಲ್ಲ. ಚಿನ್ನಸ್ವಾಮಿಯಲ್ಲಿ ಆರ್‌ಸಿಬಿ ಚೆನ್ನೈ ಮೇಲೆ ಬರೀ ಗೆದ್ರೆ ಸಾಲದಿತ್ತು, 18 ರನ್ ಅಂತರ ಬೇಕಿತ್ತು. 27 ರನ್‌ಗಳಿಂದ ಗೆದ್ದರು. ಮೊದಲ ಎಂಟು ಪಂದ್ಯದಲ್ಲಿ ಒಂದೇ ಒಂದು ಗೆದ್ದಿದ್ದ ತಂಡ ಕೊನೆಯ ಆರನ್ನೂ ಗೆದ್ದು ಪ್ಲೇಆಫ್‌ಗೆ ಹೋಯ್ತು. ಟೇಬಲ್ ನೋಡಿದ್ರೆ ನಾಲ್ಕು ತಂಡಗಳ ಹತ್ರ ತಲಾ 14 ಪಾಯಿಂಟ್ ಇತ್ತು. ನೆಟ್ ರನ್ ರೇಟ್ ಅನ್ನೋ ದಶಾಂಶದ ಲೆಕ್ಕ ಅದರಲ್ಲಿ ಒಂದನ್ನ ಒಳಗೆ ಬಿಟ್ಟು ಮೂರನ್ನ ಮನೆಗೆ ಕಳಿಸ್ತು. ಆ ಒಂದು ತಿಂಗಳು ನಾವೆಲ್ಲ ನಮ್ಮ ತಂಡದ ಪಂದ್ಯ ನೋಡಿದ್ದಕ್ಕಿಂತ ಬೇರೆಯವರು ಯಾವಾಗ ಸೋಲ್ತಾರೆ ಅಂತ ಕಾದಿದ್ದೇ ಜಾಸ್ತಿ.

ಇದೇ ಚಟ ಅಮೆರಿಕದಲ್ಲಿ ಕಾಲೇಜ್ ಬಾಸ್ಕೆಟ್‌ಬಾಲ್ ನೋಡೋರಿಗೂ ಇದೆ, ಅದೂ ಪ್ರತಿ ವರ್ಷ ಫೆಬ್ರವರಿಯಲ್ಲಿ. ಅಲ್ಲಿನ ಒಂದು ಲೀಗ್‌ನಲ್ಲಿ ನಮ್ಮ ಐಪಿಎಲ್ ಥರಾನೇ ಪ್ರತಿ ತಂಡಕ್ಕೂ 14 ಪಂದ್ಯ. ಆದ್ರೆ ರನ್ ರೇಟ್ ಥರದ್ದು ಏನೂ ಇಲ್ಲ. ಅದರ ಹೆಸರು ಐವಿ ಲೀಗ್. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಕೊಲಂಬಿಯಾ, ಕಾರ್ನೆಲ್, ಬ್ರೌನ್, ಡಾರ್ಟ್‌ಮತ್, ಪೆನ್ಸಿಲ್ವೇನಿಯಾ (ಎಲ್ಲರೂ ಪೆನ್ ಅಂತಾರೆ) ಹೀಗೆ ಎಂಟು ಕಾಲೇಜು. ನಮ್ಮ ಸೀನಿಯರ್‌ಗಳು ಎಂಎಸ್‌ಗೆ ಅಪ್ಲೈ ಮಾಡೋವಾಗ 'ಸಿಕ್ಕಿದ್ರೆ ಲಾಟರಿ' ಅಂತ ಪಟ್ಟಿಯ ಮೇಲ್ಗಡೆ ಬರೆಯೋ ಹೆಸರುಗಳೇ ಇವು. ಐವಿ ಲೀಗ್ ಅನ್ನೋದು ಮೂಲದಲ್ಲಿ ಒಂದು ಕ್ರೀಡಾ ಒಕ್ಕೂಟ ಅಂತ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.

ಮೊದಲು ಇದರಲ್ಲಿ ಗೆದ್ರೆ ಏನು ಸಿಗುತ್ತೆ ಅಂತ ನೋಡೋಣ. ಅಮೆರಿಕದ ಕಾಲೇಜ್ ಬಾಸ್ಕೆಟ್‌ಬಾಲ್‌ನ ಮೇಲಿನ ಹಂತ, ಅಂದ್ರೆ ಡಿವಿಷನ್ 1ರಲ್ಲಿ, 300ಕ್ಕೂ ಹೆಚ್ಚು ಕಾಲೇಜುಗಳಿವೆ. ಅವೆಲ್ಲ ಕಾನ್ಫರೆನ್ಸ್ ಅನ್ನೋ ಗುಂಪುಗಳಲ್ಲಿ ಹಂಚಿಹೋಗಿವೆ. ಮಾರ್ಚ್‌ನಲ್ಲಿ ರಾಷ್ಟ್ರೀಯ ಟೂರ್ನಮೆಂಟ್ ನಡೆಯುತ್ತೆ, ಅದನ್ನೇ ಮಾರ್ಚ್ ಮ್ಯಾಡ್‌ನೆಸ್ ಅನ್ನೋದು. 2011ರಿಂದ ಅದರಲ್ಲಿ 68 ತಂಡ. ಆ ವರ್ಷ 31 ಕಾನ್ಫರೆನ್ಸ್‌ಗಳಿಗೆ ತಲಾ ಒಂದು ಸೀಟು ಖಾತ್ರಿ ಇತ್ತು, ಉಳಿದ 37ನ್ನ ಒಂದು ಸಮಿತಿ ಕೂತು ಆರಿಸ್ತು. ಆ 37ರಲ್ಲಿ ದೊಡ್ಡ ಕಾನ್ಫರೆನ್ಸ್‌ಗಳದ್ದೇ ಸಿಂಹಪಾಲು. ನಮ್ಮ ಕಡೆ ಸಿಇಟಿ ಕೋಟಾ, ಮ್ಯಾನೇಜ್‌ಮೆಂಟ್ ಕೋಟಾ ಅಂತ ಎರಡು ಬಾಗಿಲು ಇರೋ ಹಾಗೆ ಅಂದುಕೊಳ್ಳಿ. ಐವಿ ಲೀಗ್‌ಗೆ ಎರಡನೇ ಬಾಗಿಲು ಇದ್ದೂ ಇಲ್ಲದ ಹಾಗೆ. ಹಾಗಾಗಿ ಎಂಟು ತಂಡಕ್ಕೆ ಇದ್ದದ್ದು ಒಂದೇ ಸೀಟು.

ಆ 31ರಲ್ಲಿ 30 ಕಾನ್ಫರೆನ್ಸ್‌ಗಳು ಲೀಗ್ ಮುಗಿದ ಮೇಲೆ ತಮ್ಮದೇ ಒಂದು ನಾಕೌಟ್ ಟೂರ್ನಮೆಂಟ್ ಇಟ್ಟು, ಅದರಲ್ಲಿ ಗೆದ್ದವರಿಗೆ ಸೀಟು ಕೊಡ್ತಿದ್ದವು. ಎರಡು ತಿಂಗಳು ಹೇಗೆ ಆಡಿದ್ರೂ ಸರಿ, ಆ ವಾರ ಚೆನ್ನಾಗಿ ಆಡಿದ್ರೆ ಆಯ್ತು. ಐವಿ ಲೀಗ್ ಒಂದೇ ಹಾಗೆ ಮಾಡ್ತಿರಲಿಲ್ಲ. 14 ಪಂದ್ಯ ಮುಗಿದಾಗ ಟೇಬಲ್‌ನಲ್ಲಿ ಮೊದಲಿದ್ದವರೇ ಹೋಗ್ತಿದ್ರು. ಇಬ್ಬರು ಸಮ ಆದ್ರೆ ಬೇರೆ ಊರಲ್ಲಿ ಒಂದು ಪ್ಲೇಆಫ್ ಪಂದ್ಯ. 2002ರಲ್ಲಿ ಪೆನ್, ಯೇಲ್, ಪ್ರಿನ್ಸ್‌ಟನ್ ಮೂರೂ ಸಮ ಆಗಿ ಎರಡು ಪ್ಲೇಆಫ್ ಆಡಿಸಬೇಕಾಯ್ತು.

ವೇಳಾಪಟ್ಟಿಯೂ ವಿಚಿತ್ರ. ಇವರು ನಿಜವಾಗಲೂ ಓದೋ ಹುಡುಗರು, ಆಟಕ್ಕೆ ಅಂತ ಸ್ಕಾಲರ್‌ಶಿಪ್ ಕೊಡೋ ಪದ್ಧತಿ ಈ ಲೀಗ್‌ನಲ್ಲಿ ಇಲ್ಲ. ಕ್ಲಾಸ್ ತಪ್ಪಬಾರದು ಅಂತ ಪಂದ್ಯಗಳನ್ನ ಶುಕ್ರವಾರ ರಾತ್ರಿ ಒಂದು, ಶನಿವಾರ ರಾತ್ರಿ ಇನ್ನೊಂದು ಅಂತ ಜೋಡಿಸ್ತಿದ್ರು. ಅದಕ್ಕೆ ಕಾಲೇಜುಗಳನ್ನ ಜೋಡಿ ಮಾಡಿದ್ರು: ಹಾರ್ವರ್ಡ್-ಡಾರ್ಟ್‌ಮತ್, ಯೇಲ್-ಬ್ರೌನ್, ಕಾರ್ನೆಲ್-ಕೊಲಂಬಿಯಾ, ಪೆನ್-ಪ್ರಿನ್ಸ್‌ಟನ್. ಈ ವಾರ ನೀವು ಕಾರ್ನೆಲ್‌ಗೆ ಹೋದ್ರೆ, ಶುಕ್ರವಾರ ರಾತ್ರಿ ಆಟ ಮುಗಿಸಿ ಬಸ್ ಹತ್ತಿ ನಾಲ್ಕು ಗಂಟೆ ಪ್ರಯಾಣ ಮಾಡಿ ಮರುದಿನ ನ್ಯೂಯಾರ್ಕ್‌ನಲ್ಲಿ ಕೊಲಂಬಿಯಾ ಮೇಲೆ ಆಡಬೇಕು. 40 ನಿಮಿಷದ ಪಂದ್ಯ, ಆದರೆ ಕಾಲುಗಳಿಗೆ ಅದು 80 ನಿಮಿಷದ್ದು. ಈ ಲೀಗ್‌ನಲ್ಲಿ ಚಾಂಪಿಯನ್ ಆಗೋ ತಂಡಗಳು ಸೋತ ಪಂದ್ಯಗಳನ್ನ ಹುಡುಕಿದ್ರೆ ಎಷ್ಟೋ ಸಲ ಅದು ಶನಿವಾರ ರಾತ್ರಿ, ಪರ ಊರಲ್ಲಿ, ಯಾರೂ ಲೆಕ್ಕಕ್ಕೆ ಇಟ್ಟಿಲ್ಲದ ಎದುರಾಳಿ ಕೈಲಿ ಆಗಿರುತ್ತೆ.

ಈಗ ಟೇಬಲ್. ಅಮೆರಿಕದಲ್ಲಿ ಪಾಯಿಂಟ್ಸ್ ಇಲ್ಲ, ಗೆಲುವು-ಸೋಲು ಅಷ್ಟೇ, 12-2 ಅಂತ ಬರೀತಾರೆ. ಪಕ್ಕದಲ್ಲಿ 'ಗೇಮ್ಸ್ ಬಿಹೈಂಡ್' ಅಂತ ಇನ್ನೊಂದು ಸಂಖ್ಯೆ. ಮೇಲಿನವರಿಗೂ ನಿಮಗೂ ಗೆಲುವಿನಲ್ಲಿರೋ ವ್ಯತ್ಯಾಸ, ಸೋಲಿನಲ್ಲಿರೋ ವ್ಯತ್ಯಾಸ ಎರಡನ್ನೂ ಕೂಡಿ ಎರಡರಿಂದ ಭಾಗಿಸಿದ್ರೆ ಅದು ಬರುತ್ತೆ. ಮೊದಲ ಸಲ 'ಅರ್ಧ ಪಂದ್ಯ ಹಿಂದೆ' ಅಂತ ಓದಿದಾಗ ನಾವೆಲ್ಲ ನಕ್ಕಿದ್ವಿ, ಅರ್ಧ ಪಂದ್ಯ ಎಲ್ಲಿಂದ ಬರುತ್ತೆ ಅಂತ. ಒಬ್ಬರು ಒಂದು ಪಂದ್ಯ ಜಾಸ್ತಿ ಆಡಿರ್ತಾರೆ, ಅಷ್ಟೇ ವಿಷಯ. ಪಳಗಿದ ಅಭಿಮಾನಿಗಳು ಈ ಸಂಖ್ಯೆಗಿಂತ ಸೋಲಿನ ಕಾಲಮ್‌ನ ಹೆಚ್ಚು ನಂಬ್ತಾರೆ. ಗೆಲುವು ಇನ್ನೂ ಬರಬಹುದು, ಪಂದ್ಯ ಬಾಕಿ ಇದೆ. ಸೋಲು ಮಾತ್ರ ಒಂದು ಸಲ ಬಂತು ಅಂದ್ರೆ ಬಂತು, ಸಪ್ಲಿ ಬರೆದು ತೆಗೆಯೋ ಹಾಗಿಲ್ಲ.

ಇದಕ್ಕೆ 2011ರ ರೇಸ್‌ಗಿಂತ ಒಳ್ಳೆ ಉದಾಹರಣೆ ನಮಗೆ ಸಿಕ್ಕಿಲ್ಲ. ಆಗ ನಮಗೆಲ್ಲ ನಾಲ್ಕೈದು ವರ್ಷ, ಲೈವ್ ನೋಡೋ ಮಾತೇ ಇಲ್ಲ. ಆದರೆ ಕೊನೇ ಕ್ಷಣದ ವಿಡಿಯೊ ಈಗಲೂ ಯೂಟ್ಯೂಬ್‌ನಲ್ಲಿ ಸಿಗುತ್ತೆ.

ಪರಿಸ್ಥಿತಿ ಹೀಗಿತ್ತು. ಹಾರ್ವರ್ಡ್ ಆವರೆಗೆ ಪುರುಷರ ಬಾಸ್ಕೆಟ್‌ಬಾಲ್‌ನಲ್ಲಿ ಒಂದು ಸಲವೂ ಐವಿ ಪ್ರಶಸ್ತಿ ಗೆದ್ದಿರಲಿಲ್ಲ. ಎಂಟರಲ್ಲಿ ಹಾಗೆ ಬರಿಗೈಲಿ ಇದ್ದದ್ದು ಅದೊಂದೇ. ರಾಷ್ಟ್ರೀಯ ಟೂರ್ನಮೆಂಟ್‌ಗೆ ಕೊನೇ ಸಲ ಹೋಗಿದ್ದು 1946ರಲ್ಲಿ. ಮುಂದೆ ಎನ್‌ಬಿಎಯಲ್ಲಿ ಹೆಸರು ಮಾಡಿದ ಜೆರೆಮಿ ಲಿನ್ ಕೂಡ ನಾಲ್ಕು ವರ್ಷ ಆಡಿ, ಪ್ರಶಸ್ತಿ ಕಾಣದೆ 2010ರಲ್ಲಿ ಪಾಸಾಗಿ ಹೋಗಿದ್ದರು. ಕೋಚ್ ಟಾಮಿ ಅಮೇಕರ್ ಕಟ್ಟಿದ ತಂಡ ಆ ವರ್ಷ ಕೊನೆಗೂ ಮೇಲೆ ಬಂತು. ಎದುರಿಗೆ ಸಿಡ್ನಿ ಜಾನ್ಸನ್ ಕೋಚ್ ಆಗಿದ್ದ ಪ್ರಿನ್ಸ್‌ಟನ್. ಅದರ ಮುಖ್ಯ ಆಟಗಾರರಾದ ಕರೀಮ್ ಮ್ಯಾಡಕ್ಸ್, ಡ್ಯಾನ್ ಮಾವ್ರೇಡಿಸ್ ಇಬ್ಬರಿಗೂ ಅದು ಕೊನೇ ವರ್ಷ. ಕಾಲೇಜ್ ಆಟದ ಕಷ್ಟ ಇದೇ: ನಾಲ್ಕು ವರ್ಷ, ಆಮೇಲೆ ಕಾನ್ವೊಕೇಶನ್. ಫ್ರಾಂಚೈಸಿ ಥರ 'ಮುಂದಿನ ಸಲ ಕಪ್ ನಮ್ದೇ' ಅನ್ನೋಕೆ ಆಟಗಾರನಿಗೆ ಮುಂದಿನ ಸಲ ಇರಲ್ಲ.

ಫೆಬ್ರವರಿಯಲ್ಲಿ ಪ್ರಿನ್ಸ್‌ಟನ್ ತನ್ನ ಮನೆಯಂಗಳದಲ್ಲಿ ಹಾರ್ವರ್ಡನ್ನ ಸೋಲಿಸ್ತು. ಹಾರ್ವರ್ಡ್‌ಗೆ ಒಂದು ಸೋಲು. ಆಮೇಲೆ ಪ್ರಿನ್ಸ್‌ಟನ್ ಹೋಗಿ ಬ್ರೌನ್ ಕೈಲಿ ಸೋತಿತು. ಬ್ರೌನ್ ಆ ವರ್ಷ 14ರಲ್ಲಿ ಗೆದ್ದದ್ದೇ ನಾಲ್ಕು! ಪ್ರಿನ್ಸ್‌ಟನ್‌ಗೂ ಒಂದು ಸೋಲು. ಫೆಬ್ರವರಿ ಕೊನೆಯಲ್ಲಿ ಹಾರ್ವರ್ಡ್ ಯೇಲ್‌ಗೆ ಹೋಗಿ ಒಂದೇ ಪಾಯಿಂಟ್‌ನಿಂದ ಸೋತಿತು. ಎರಡು ಸೋಲು. ಬ್ರೌನ್, ಯೇಲ್ ಇಬ್ಬರೂ ರೇಸ್‌ನಲ್ಲಿ ಇರಲೇ ಇಲ್ಲ, ಆದ್ರೆ ರೇಸ್ ಯಾವ ಕಡೆ ತಿರುಗಬೇಕು ಅಂತ ಅವರೇ ಬರೆದ ಹಾಗಾಯ್ತು. ನಿಮ್ಮ ತಂಡವನ್ನ ಹಿಂಬಾಲಿಸೋದು ಅಂದ್ರೆ ಉಳಿದ ಏಳನ್ನೂ ಹಿಂಬಾಲಿಸೋದು ಅಂತ ನಾವು ಹೇಳೋದು ಇದಕ್ಕೇ.

ಮಾರ್ಚ್ 5, ಶನಿವಾರ. ಪ್ರಿನ್ಸ್‌ಟನ್ ಹಾರ್ವರ್ಡ್‌ಗೆ ಬಂತು. ಎರಡು ಸಾವಿರ ಚಿಲ್ಲರೆ ಜನ ಹಿಡಿಸೋ ಪುಟ್ಟ ಜಿಮ್. ಹಾರ್ವರ್ಡ್ 79-67ರಿಂದ ಗೆದ್ದಿತು, ಹುಡುಗರೆಲ್ಲ ಕೋರ್ಟ್‌ಗೆ ನುಗ್ಗಿದ್ರು. ಮೊದಲ ಪ್ರಶಸ್ತಿ! ಆದರೆ ಪಾಲು ಮಾತ್ರ. ಹಾರ್ವರ್ಡ್ ತನ್ನ ಎಲ್ಲಾ ಪಂದ್ಯ ಮುಗಿಸಿ 12-2, ಪ್ರಿನ್ಸ್‌ಟನ್ 11-2, ಇನ್ನೊಂದು ಬಾಕಿ. ಮೇಲಿನ ಸೂತ್ರಕ್ಕೆ ಹಾಕಿ ನೋಡಿ, ಅರ್ಧ ಪಂದ್ಯ ಹಿಂದೆ. ಸೋಲಿನ ಕಾಲಮ್ ನೋಡಿ, ಎರಡು-ಎರಡು. ಟೇಬಲ್ 'ಹಾರ್ವರ್ಡ್ ಮುಂದಿದೆ' ಅಂತಿತ್ತು, ಕಾಲಮ್ 'ಸಮ ಇದ್ದಾರೆ' ಅಂತಿತ್ತು.

ಪೆನ್-ಪ್ರಿನ್ಸ್‌ಟನ್ ಪಂದ್ಯವನ್ನ ಕೊನೆಗೆ, ಎಲ್ಲರದ್ದೂ ಮುಗಿದ ಮೇಲೆ ಮಂಗಳವಾರ ಆಡೋದು ಹಳೇ ಸಂಪ್ರದಾಯ. ಮಾರ್ಚ್ 8ರಂದು ಪ್ರಿನ್ಸ್‌ಟನ್ 70-58ರಿಂದ ಪೆನ್ನನ್ನ ಸೋಲಿಸಿ 12-2 ಆಯ್ತು. ಆ ಮೂರು ದಿನ ಹಾರ್ವರ್ಡ್ ಹುಡುಗರಿಗೆ ಮಾಡೋಕೆ ಏನೂ ಇರಲಿಲ್ಲ, ಪೆನ್ ಗೆಲ್ಲಲಿ ಅಂತ ಹಾರೈಸೋದು ಬಿಟ್ಟು.

ಪ್ಲೇಆಫ್ ಮಾರ್ಚ್ 12ಕ್ಕೆ, ಯೇಲ್‌ನ ಜಿಮ್‌ನಲ್ಲಿ. ಕೊನೇ ನಿಮಿಷದಲ್ಲಿ ಬ್ರ್ಯಾಂಡಿನ್ ಕರಿ ಬುಟ್ಟಿಗೆ ಹಾಕಿ ಹಾರ್ವರ್ಡ್ 62-61ರಿಂದ ಮುಂದಾಯ್ತು. 2.8 ಸೆಕೆಂಡ್ ಬಾಕಿ ಇರೋವಾಗ ಪ್ರಿನ್ಸ್‌ಟನ್ ಅಂಚಿನಿಂದ ಚೆಂಡು ಒಳಗೆ ಎಸೀತು. ಡಗ್ಲಸ್ ಡೇವಿಸ್ ಹಿಡಿದ, ಹೊಡೀತೀನಿ ಅಂತ ಸುಳ್ಳೇ ತೋರಿಸಿದ, ತಡೆಯೋಕೆ ಬಂದವನು ಗಾಳಿಗೆ ಹಾರಿದ, ಆಮೇಲೆ ಡೇವಿಸ್ ವಾಲಿಕೊಂಡೇ ಎಸೆದ. ಚೆಂಡು ಗಾಳಿಯಲ್ಲಿದ್ದಾಗ ಸಮಯ ಮುಗೀತು. ಬುಟ್ಟಿಗೆ ಬಿತ್ತು. 63-62.

2.8 ಸೆಕೆಂಡ್‌ನಲ್ಲಿ ಇಷ್ಟೆಲ್ಲ ಆಗುತ್ತಾ ಅಂತ ಅನುಮಾನ ಇದ್ದವರು ಸ್ಟಾಪ್‌ವಾಚ್ ಹಿಡಿದು ನೋಡಿ. ಸೆಕೆಂಡ್‌ಗಳು ನಾವು ಅಂದುಕೊಂಡಿರೋದಕ್ಕಿಂತ ಉದ್ದ ಇವೆ.

ಪ್ರಿನ್ಸ್‌ಟನ್ ರಾಷ್ಟ್ರೀಯ ಟೂರ್ನಮೆಂಟ್‌ಗೆ ಹೋಯ್ತು. ಆ ವರ್ಷ ಕೊನೇ ನಾಲ್ಕರವರೆಗೆ ಹೋದ ಕೆಂಟಕಿಯ ಕೈಲಿ 59-57ರಿಂದ, ಮತ್ತೆ ಕೊನೇ ಸೆಕೆಂಡ್‌ಗಳ ಬುಟ್ಟಿಯಿಂದಲೇ ಸೋತು ಬಂತು. ಹಾರ್ವರ್ಡನ್ನ ಸಮಿತಿ ಆರಿಸಲಿಲ್ಲ. 1946ರ ಲೆಕ್ಕ ಇನ್ನೊಂದು ವರ್ಷ ಮುಂದಕ್ಕೆ ಹೋಯ್ತು. ಮರುವರ್ಷ ಅದು ತೀರಿದ್ದೂ ಮಂಗಳವಾರವೇ: ಪ್ರಿನ್ಸ್‌ಟನ್ ಪೆನ್ನನ್ನ 62-52ರಿಂದ ಸೋಲಿಸಿದಾಗ, ಕೋರ್ಟ್‌ಗೇ ಇಳಿಯದೆ ಹಾರ್ವರ್ಡ್ ಚಾಂಪಿಯನ್ ಆಯ್ತು.

2015ರಲ್ಲಿ ಯೇಲ್‌ಗೆ ಇದಕ್ಕಿಂತ ಕ್ರೂರವಾಗಿ ಆಯ್ತು. ಅವರು ಟೂರ್ನಮೆಂಟ್ ನೋಡಿ 1962ರಿಂದ ಕಾದಿದ್ದರು. ಮಾರ್ಚ್ 6, ಶುಕ್ರವಾರ ಹಾರ್ವರ್ಡ್‌ಗೇ ಹೋಗಿ 62-52ರಿಂದ ಗೆದ್ದರು. ಶನಿವಾರ ಡಾರ್ಟ್‌ಮತ್ ಮೇಲೆ ಗೆದ್ರೆ ಸೀಟು ಗ್ಯಾರಂಟಿ. ಕೊನೇ ಕ್ಷಣದವರೆಗೂ ಮುಂದಿದ್ದು 59-58ರಿಂದ ಸೋತರು, ಅದೇ ಶನಿವಾರ ರಾತ್ರಿ, ಅದೇ ಪರ ಊರು. ಹಾರ್ವರ್ಡ್ ಜೊತೆ ಸಮ ಆಗಿ ಪ್ಲೇಆಫ್, ಅದರಲ್ಲೂ 53-51ರ ಸೋಲು. ಮರುವರ್ಷ 13-1 ಮಾಡಿ ಕೊನೆಗೂ ಹೋದರು, ಹೋಗಿ ಬೇಲರ್‌ನಂಥ ದೊಡ್ಡ ತಂಡವನ್ನ 79-75ರಿಂದ ಮಣಿಸಿದರು. ಅದೇ 2016ರಲ್ಲಿ ಪ್ರಿನ್ಸ್‌ಟನ್ 12-2. ಐದು ವರ್ಷದ ಹಿಂದೆ ಪ್ಲೇಆಫ್ ತಂದುಕೊಟ್ಟಿದ್ದ ಅದೇ 12-2 ಈ ಸಲ ಎರಡನೇ ಸ್ಥಾನ.

2017ರಲ್ಲಿ ಐವಿ ಲೀಗ್ ಕೂಡ ಉಳಿದವರ ದಾರಿ ಹಿಡೀತು. ಮೊದಲ ನಾಲ್ಕು ತಂಡ, ಎರಡು ಸೆಮಿಫೈನಲ್, ಒಂದು ಫೈನಲ್. ಮೊದಲ ವರ್ಷವೇ ಎಡವಟ್ಟಾಗೋದರಲ್ಲಿತ್ತು. ಪ್ರಿನ್ಸ್‌ಟನ್ ಆ ಸಲ 14ಕ್ಕೆ 14 ಗೆದ್ದಿತ್ತು. ಇದು ಎಷ್ಟು ಕಷ್ಟ ಅಂತ ಕ್ಯಾಲ್ಕ್ಯುಲೇಟರ್ ತೆಗೆದು ನೋಡಿ. ಪ್ರತಿ ಪಂದ್ಯ ಗೆಲ್ಲೋ ಸಾಧ್ಯತೆ ಶೇ 90 ಅಂತ ಇಟ್ಟುಕೊಂಡ್ರೂ 0.9ರ ಘಾತ 14 ಅಂದ್ರೆ ಸುಮಾರು ಶೇ 23. ಅಂಥಾ ತಂಡಕ್ಕೂ ಇನ್ನೆರಡು ನಾಕೌಟ್ ಇಟ್ರೆ, ಎಡವೋ ಸಾಧ್ಯತೆ ಮತ್ತೆ ಶೇ 19. ಸೆಮಿಫೈನಲ್‌ನಲ್ಲಿ ಎದುರಿಗೆ ಸಿಕ್ಕಿದ್ದು 6-8ರ ಪೆನ್, ಅದೂ ಪೆನ್‌ನದ್ದೇ ಅಂಗಳದಲ್ಲಿ. ಮೈಲ್ಸ್ ಸ್ಟೀಫನ್ಸ್ ಕೊನೇ ಸೆಕೆಂಡ್‌ಗಳಲ್ಲಿ ತಪ್ಪಿಹೋದ ಚೆಂಡನ್ನ ಮತ್ತೆ ಬುಟ್ಟಿಗೆ ತಳ್ಳಿ ಸಮ ಮಾಡದೇ ಇದ್ದಿದ್ರೆ ಕಥೆ ಮುಗೀತಿತ್ತು. ಓವರ್‌ಟೈಮ್‌ನಲ್ಲಿ 72-64. ಫೈನಲ್‌ನಲ್ಲಿ ಯೇಲ್ ಮೇಲೂ ಗೆದ್ದರು.

2024ರಲ್ಲಿ ಆ ಅದೃಷ್ಟ ಇರಲಿಲ್ಲ. ಪ್ರಿನ್ಸ್‌ಟನ್ ಮತ್ತೆ 12-2, ಟೇಬಲ್‌ನಲ್ಲಿ ಮೊದಲು. ಸೆಮಿಫೈನಲ್‌ನಲ್ಲಿ 8-6ರ ಬ್ರೌನ್ ಕೈಲಿ ಸೋತು ಹೊರಗೆ. ಫೈನಲ್‌ನಲ್ಲಿ ಅದೇ ಬ್ರೌನ್‌ನ ಯೇಲ್ 62-61ರಿಂದ, ಮ್ಯಾಟ್ ನೋಲಿಂಗ್ ಕೊನೇ ಗಳಿಗೆಯಲ್ಲಿ ಹೊಡೆದ ಬುಟ್ಟಿಯಿಂದ ಮುಗಿಸ್ತು.

ಹಳೇ ಪದ್ಧತಿಯೇ ನ್ಯಾಯ ಅಂತ ನಮ್ಮ ಗುಂಪಿನಲ್ಲಿ ಹೆಚ್ಚಿನವರ ಮತ. ಎರಡು ತಿಂಗಳ ಇಂಟರ್ನಲ್ಸ್ ಎಲ್ಲ ತೆಗೆದು ಒಂದು ವೈವಾ ಮೇಲೆ ಪೂರ್ತಿ ಮಾರ್ಕ್ಸ್ ಕೊಟ್ಟ ಹಾಗೆ ಈ ಟೂರ್ನಮೆಂಟ್. ಇನ್ನೊಂದು ಪಕ್ಷದವರು ಕೇಳೋದೂ ಸುಳ್ಳಲ್ಲ: ಹಳೇ ಪದ್ಧತಿಯಲ್ಲಿ ಜನವರಿಯಲ್ಲಿ ಮೂರು ಸೋತ ತಂಡದ ಹುಡುಗರು ಫೆಬ್ರವರಿ ಪೂರ್ತಿ ಯಾಕೆ ಆಡಬೇಕು? 2024ರಲ್ಲಿ ಎರಡನೇ ಸ್ಥಾನದಲ್ಲಿದ್ದ ಯೇಲ್ ಹಾಗೆ ಒಳಗೆ ಹೋಗಿ ಮೊದಲ ಸುತ್ತಲ್ಲೇ ಆಬರ್ನ್ ತಂಡವನ್ನ 78-76ರಿಂದ ಉರುಳಿಸ್ತಲ್ಲ, ಅದಕ್ಕೆ ನಮ್ಮ ಹತ್ರ ಉತ್ತರ ಇಲ್ಲ.

ಈಗ ಟೇಬಲ್ ಓದೋವಾಗ ಎರಡು ಗೆರೆ ನೋಡಬೇಕು. ಮೊದಲ ಸ್ಥಾನದ ಗೆರೆ ಮರ್ಯಾದೆಗೆ, ನಾಲ್ಕನೇ ಸ್ಥಾನದ ಗೆರೆ ಜೀವಕ್ಕೆ. ಫೆಬ್ರವರಿಯಲ್ಲಿ ನಾಲ್ಕನೆಯವರಿಗೂ ಐದನೆಯವರಿಗೂ ಸೋಲು ಎಷ್ಟೆಷ್ಟು, ಅವರಿಬ್ಬರ ನಡುವಿನ ಪಂದ್ಯ ಮುಗಿದಿದೆಯಾ, ಅದು ಯಾರ ಊರಲ್ಲಿ ಅಂತ ನೋಡಿಕೊಂಡ್ರೆ ಅರ್ಧ ಲೆಕ್ಕ ಆಯ್ತು. ಅಲ್ಲಿ ಶುಕ್ರವಾರ ಸಂಜೆ 7 ಅಂದ್ರೆ ಇಲ್ಲಿ ಶನಿವಾರ ಬೆಳಗಿನ ಜಾವ 5.30. ಮೆಸ್‌ನಲ್ಲಿ ತಿಂಡಿ ಶುರುವಾಗೋ ಹೊತ್ತಿಗೆ ಪಂದ್ಯ ಮುಗಿದಿರುತ್ತೆ.